ಸಹಾಯ ಬೇಕು: ಟಾಮ್‌ಕ್ಯಾಟ್‌ಗೆ ದೂರದಿಂದ ಡೀಬಗರ್ ಜೋಡಿಸುವುದು ಹೇಗೆ?

ನಮಸ್ಕಾರ. ವೈಟ್‌ಫೀಲ್ಡ್ ಕಚೇರಿಯ ನಮ್ಮ ಪರೀಕ್ಷಾ ಸರ್ವರ್‌ನಲ್ಲಿ ಟಾಮ್‌ಕ್ಯಾಟ್ 9 (ಜಾವಾ ವೆಬ್ ಆಪ್‌ಗಳನ್ನು ಓಡಿಸುವ ತಂತ್ರಾಂಶ), ಜಾವಾ 17 ಇವೆ. ಡೀಬಗರ್‌ಗೆ (ಕೋಡ್‌ನ ತಪ್ಪು ಹುಡುಕುವ ಸಾಧನ) ದಾರಿ ಬಿಡುವ ‘ಜೆಪಿಡಿಎ ಸ್ಟಾರ್ಟ್’ ಆಜ್ಞೆ ಕೊಟ್ಟರೆ 8000ನೇ ಪೋರ್ಟ್ ತೆರೆಯುತ್ತದೆ, ಆದರೆ ಲೋಕಲ್‌ಹೋಸ್ಟ್‌ಗೆ, ಅಂದರೆ ಅದೇ ಯಂತ್ರಕ್ಕೆ, ಮಾತ್ರ. ಜಯನಗರದ ಮನೆಯಿಂದ ಇಂಟೆಲಿಜೆ (ಕೋಡ್ ಬರೆಯುವ ತಂತ್ರಾಂಶ) ಡೀಬಗರ್ ಜೋಡಿಸಲು ಹೋದರೆ ‘ಕನೆಕ್ಷನ್ ರೆಫ್ಯೂಸ್ಡ್’ ಎಂದೇ ಉತ್ತರ.

ವಿಳಾಸದಲ್ಲಿ ನಕ್ಷತ್ರ ಚಿಹ್ನೆ ಹಾಕಿ ಎಲ್ಲರಿಗೂ ತೆರೆದಿಡಿ ಎಂಬ ಸಲಹೆ ದಯವಿಟ್ಟು ಬೇಡ. ಡೀಬಗರ್ ಸರ್ವರ್ ಜೊತೆ ಮಾತಾಡುವ ಜೆಡಿಡಬ್ಲ್ಯುಪಿ ಪ್ರೋಟೋಕಾಲ್‌ಗೆ ಪಾಸ್‌ವರ್ಡ್ ರಕ್ಷಣೆಯೇ ಇಲ್ಲ. ಆ ಪೋರ್ಟ್ ತಲುಪಿದವರು ಸರ್ವರ್‌ನಲ್ಲಿ ತಮಗೆ ಬೇಕಾದ ಕೋಡ್ ಓಡಿಸಬಹುದು.

ಎಸ್‌ಎಸ್‌ಎಚ್ ಸುರಂಗದ (ಗೂಢಲಿಪೀಕರಿಸಿದ ಸಂಪರ್ಕ) ಮೂಲಕ ಸಂಪರ್ಕ ಸಿಗುತ್ತದೆ. ಆದರೆ ಬ್ರೇಕ್‌ಪಾಯಿಂಟ್‌ನಲ್ಲಿ (ಕೋಡ್ ನಿಲ್ಲಲೆಂದು ಗುರುತು ಹಾಕಿದ ಸಾಲು) ನಿಂತು ವೇರಿಯಬಲ್‌ಗಳ ಮೌಲ್ಯ ಓದುತ್ತಿರುವಾಗಲೇ ಕಡಿದುಹೋಗುತ್ತದೆ. ಮೇಲಾಗಿ, ಅಲ್ಲಿ ನಿಂತಷ್ಟು ಹೊತ್ತು ಇಡೀ ಸರ್ವರ್ ಸ್ತಬ್ಧವಾಗಿ ಪರೀಕ್ಷಕರ ಕೆಲಸವೂ ನಿಲ್ಲುತ್ತದೆ; ಅವರಿಗೆ ತೊಂದರೆ ಕೊಡಲು ನನಗೆ ಮನಸ್ಸಿಲ್ಲ. ಸುರಂಗ ಕಡಿಯದಂತೆ ಯಾವ ಸೆಟ್ಟಿಂಗ್ ಇಡಬೇಕು? ನನ್ನ ಥ್ರೆಡ್ (ಸರ್ವರ್‌ನಲ್ಲಿ ಒಟ್ಟಿಗೆ ಓಡುವ ಕೆಲಸದ ಎಳೆಗಳಲ್ಲಿ ಒಂದು) ಒಂದನ್ನೇ ನಿಲ್ಲಿಸುವ ಆಯ್ಕೆ ಎಲ್ಲಿದೆ? ಬಳಸಿ ಬಲ್ಲವರು ತಿಳಿಸಿ.