ಡ್ರೋನ್ ಆರ್ಮ್ ಒಳಗೆ ಬಿರುಕು ಇದೆ ಅಂತ ಅನುಮಾನ, ಥರ್ಮಲ್ ಕ್ಯಾಮೆರಾದಲ್ಲಿ ಏನೂ ಕಾಣುತ್ತಿಲ್ಲ

ಗದ್ದೆ_ಡ್ರೋನ್:
ಮೂರು ದಿನದಿಂದ ತಲೆ ಕೆಟ್ಟುಹೋಗಿದೆ, ಯಾರಾದರೂ ದಾರಿ ತೋರಿಸಿ. ಔಷಧಿ ಹೊಡೆಯುವ ಡ್ರೋನ್, ಮೋಟಾರ್ ಹೊರುವ ಆರು ಕಾರ್ಬನ್ ಆರ್ಮ್, 10 ಲೀಟರ್ ಟ್ಯಾಂಕ್. ಹೋದ ವಾರ ಹರಿಹರದ ಹತ್ತಿರ ಭತ್ತದ ಗದ್ದೆ ಮೇಲೆ ಹಾರುವಾಗ ಒಂದು ಆರ್ಮ್ ಮಡಚುವ ಕೀಲಿನ ಪಕ್ಕದಲ್ಲೇ ಮುರಿಯಿತು. ಪುಣ್ಯಕ್ಕೆ ಕೆಳಗೆ ಯಾರೂ ಇರಲಿಲ್ಲ. ಉಳಿದ ಐದೂ ಅಷ್ಟೇ ದುಡಿದಿವೆ, ಅವುಗಳ ಒಳಗೂ ಬಿರುಕು ಶುರುವಾಗಿರಬಹುದು ಅಲ್ವಾ? ಮೇಲೆ ಏನೂ ಕಾಣುವುದಿಲ್ಲ. ಅಲ್ಟ್ರಾಸಾನಿಕ್ ಕಂಪನ ಕೊಟ್ಟರೆ ಬಿರುಕಿನ ಎರಡು ಮುಖ ಒಂದಕ್ಕೊಂದು ಉಜ್ಜಿ ಬಿಸಿಯಾಗುತ್ತದೆ, ಥರ್ಮಲ್ ಕ್ಯಾಮೆರಾದಲ್ಲಿ ಸಿಗುತ್ತದೆ ಅಂತ ಓದಿ ಟ್ರಾನ್ಸ್‌ಡ್ಯೂಸರ್ (ಕರೆಂಟನ್ನು ಕಂಪನ ಮಾಡುವ ಸಾಧನ), ಫೋನ್‌ಗೆ ಸಿಕ್ಕಿಸುವ ಥರ್ಮಲ್ ಕ್ಯಾಮೆರಾ ಎರಡನ್ನೂ ತಂದೆ. ಟ್ರಾನ್ಸ್‌ಡ್ಯೂಸರ್ 40 ಕಿಲೊಹರ್ಟ್ಸ್, 60 ವ್ಯಾಟ್. ಏನೂ ಇಲ್ಲ. ಸುಮ್ನೆ ದುಡ್ಡು ಹೋಯಿತಾ?

ಎಪಾಕ್ಸಿ_ಕೈ:
ಎಮಿಸಿವಿಟಿ ಸಮಸ್ಯೆ, ಅಂದರೆ ಮೇಲ್ಮೈ ಎಷ್ಟು ಚೆನ್ನಾಗಿ ಶಾಖ ಹೊರಸೂಸುತ್ತದೆ ಅನ್ನುವುದು. ಆರ್ಮ್ ಮೇಲೆ ಹೊಳೆಯುವ ಕೋಟಿಂಗ್ ಇದೆ ಅಲ್ವಾ? ಕಪ್ಪು ಮ್ಯಾಟ್ ಬಣ್ಣ ಹೊಡೆಯಿರಿ.

ಗದ್ದೆ_ಡ್ರೋನ್:
ಹೊಡೆದೆ ಸರ್. ಒಣಗಿಸಿ ಮತ್ತೆ ನೋಡಿದೆ. ಏನೂ ಇಲ್ಲ.

ಎಪಾಕ್ಸಿ_ಕೈ:
ಎಷ್ಟು ಕೋಟ್? ಒಂದು ಸಾಲದು. ಆ್ಯಪ್‌ನಲ್ಲಿ ಎಮಿಸಿವಿಟಿ 0.95 ಇಟ್ಟಿದ್ದೀರಾ? ಕಪ್ಪೇ ಇರಬೇಕು, ಬೇರೆ ಬಣ್ಣ ಆಗುವುದಿಲ್ಲ.

ಕಂಪನ_ಪ್ರಿಯ:
ಇದು ತಪ್ಪು ಗುರು. ಈ ಕ್ಯಾಮೆರಾ ನೋಡುವುದು 8ರಿಂದ 14 ಮೈಕ್ರಾನ್ ತರಂಗಾಂತರದ ಶಾಖದ ಕಿರಣ. ಅಲ್ಲಿ ಬಿಳಿ ಬಣ್ಣದ ಎಮಿಸಿವಿಟಿಯೂ 0.9ರ ಆಸುಪಾಸು, ಕಪ್ಪೂ ಅಷ್ಟೇ. ಮ್ಯಾಟ್ ಇದ್ದರೆ ಸಾಕು. ಕಾರ್ಬನ್-ಎಪಾಕ್ಸಿ ಅಂತೂ ಬಣ್ಣ ಇಲ್ಲದೆಯೇ ಸಾಕಷ್ಟು ಚೆನ್ನಾಗಿ ಶಾಖ ಹೊರಗೆ ಬಿಡುತ್ತದೆ, ಅದೇನು ಅಲ್ಯೂಮಿನಿಯಂ ಅಲ್ಲ. ನನ್ನ ಸಲಹೆ, ಕ್ಯಾಮೆರಾ ಬಿಡಿ. ಆರ್ಮ್ ತಟ್ಟಿ, ಸದ್ದನ್ನು ಫೋನ್‌ನಲ್ಲಿ ರೆಕಾರ್ಡ್ ಮಾಡಿ ಫ್ರೀಕ್ವೆನ್ಸಿ ನೋಡಿ. ಬಿರುಕು ಬಿಟ್ಟರೆ ಇಳಿದಿರುತ್ತದೆ.

ಎಪಾಕ್ಸಿ_ಕೈ:
ಬಿಳಿ ಬಣ್ಣ ಹೊಡೆದು ನಾನು ಕೈ ಸುಟ್ಟುಕೊಂಡಿದ್ದೇನೆ. ಅನುಭವದ ಮಾತು ಹೇಳುತ್ತಿದ್ದೇನೆ.

ಲ್ಯಾಬ್_ಮೂಲೆ:
ಇಬ್ಬರೂ ಸ್ವಲ್ಪ ನಿಲ್ಲಿ. ಫ್ರೀಕ್ವೆನ್ಸಿ ಇಳಿಯುವುದು ನಿಜ, ಆದರೆ ಎಷ್ಟು? ಗಟ್ಟಿತನ 2% ಕಡಿಮೆಯಾದರೆ ಫ್ರೀಕ್ವೆನ್ಸಿ 1% ಇಳಿಯುತ್ತದೆ. ಕ್ಲ್ಯಾಂಪ್ ಬೋಲ್ಟ್ ಸ್ವಲ್ಪ ಸಡಿಲವಾದರೆ ಅದಕ್ಕಿಂತ ಜಾಸ್ತಿ ಬದಲಾಗುತ್ತದೆ. ಹೊಸದಿದ್ದಾಗಿನ ಅಳತೆ ಇಲ್ಲದೆ ಹೋಲಿಸುವುದು ಯಾವುದರ ಜೊತೆ?
ಗದ್ದೆ_ಡ್ರೋನ್ ಅವರೇ, ಜೋಡಣೆಯ ಫೋಟೊ ಮತ್ತು ಸ್ಕ್ರೀನ್‌ಶಾಟ್ ಹಾಕಿ. ನೀವು ಹೇಳಿದ್ದರಲ್ಲಿ ಅರ್ಧ ಮಾಹಿತಿ ಇಲ್ಲ.

ಟೆಕ್ಕಿ_ಗ್ಲೈಡರ್:
ನಮ್ಮಲ್ಲಿ ಕೂಲ್ಡ್ ಇಂಡಿಯಂ ಆಂಟಿಮೊನೈಡ್ ಕ್ಯಾಮೆರಾ (ಸೆನ್ಸರ್ ಅನ್ನು ತಂಪಾಗಿಟ್ಟು ಕೆಲಸ ಮಾಡುವ ದುಬಾರಿ ಥರ್ಮಲ್ ಕ್ಯಾಮೆರಾ) ಇದೆ. 0.02 ಡಿಗ್ರಿ ವ್ಯತ್ಯಾಸವೂ ಕಾಣುತ್ತದೆ, ಸೆಕೆಂಡಿಗೆ ನೂರಾರು ಫ್ರೇಮ್. 20 ಕಿಲೊಹರ್ಟ್ಸ್ ಪ್ಲಾಸ್ಟಿಕ್ ವೆಲ್ಡಿಂಗ್ ಗನ್‌ನಿಂದ ಅರ್ಧ ಸೆಕೆಂಡ್ ಕೊಟ್ಟರೆ ಸಾಕು, ಗಾಜಿನ ನಾರಿನ ರೆಕ್ಕೆಯಲ್ಲಿ ಕೂದಲೆಳೆಯಷ್ಟು ಬಿರುಕೂ ಹೊಳೆಯುತ್ತದೆ. ವೇಯ್ನ್ ಸ್ಟೇಟ್ ವಿಶ್ವವಿದ್ಯಾಲಯದ ಫಾವ್ರೊ ತಂಡ 2000ರಲ್ಲಿ ಪ್ರಕಟಿಸಿದ ವಿಧಾನ ಇದು. ಫೋನ್‌ಗೆ ಸಿಕ್ಕಿಸುವ ಕ್ಯಾಮೆರಾದಿಂದ ಕಷ್ಟ.

ಗದ್ದೆ_ಡ್ರೋನ್:
ಅಷ್ಟು ದುಡ್ಡಿದ್ದರೆ ಐದು ಡ್ರೋನ್ ತರುತ್ತಿದ್ದೆ ಅಣ್ಣ.
ಫೋಟೊ ಹಾಕಿದ್ದೇನೆ. ಕ್ಲೀನಿಂಗ್ ಟ್ಯಾಂಕ್‌ಗೆ ಅಂಟಿಸುವ ಟ್ರಾನ್ಸ್‌ಡ್ಯೂಸರ್. ಜಿ-ಕ್ಲ್ಯಾಂಪ್‌ನಲ್ಲಿ ಬಿಗಿದಿದ್ದೇನೆ. ಆರ್ಮ್‌ಗೆ ಗೀರು ಬೀಳಬಾರದು ಅಂತ ನಡುವೆ ಸೈಕಲ್ ಟ್ಯೂಬ್ ತುಂಡು ಇಟ್ಟಿದ್ದೇನೆ. ಕ್ಯಾಮೆರಾ 256×192 ಪಿಕ್ಸೆಲ್, ಸೆಕೆಂಡಿಗೆ 25 ಫ್ರೇಮ್.

ಲ್ಯಾಬ್_ಮೂಲೆ:
ಸೈಕಲ್ ಟ್ಯೂಬ್! ಇದನ್ನು ಮೊದಲ ದಿನವೇ ಹೇಳಬೇಕಿತ್ತು. ರಬ್ಬರ್ 40 ಕಿಲೊಹರ್ಟ್ಸ್ ಕಂಪನವನ್ನು ನುಂಗಿಬಿಡುತ್ತದೆ, ಆರ್ಮ್‌ಗೆ ಹೆಚ್ಚೇನೂ ತಲುಪುತ್ತಿಲ್ಲ. ಅದರ ಬದಲು ತೆಳು ತಾಮ್ರದ ಹಾಳೆ ಇಡಿ. ಇಲ್ಲದಿದ್ದರೆ ಹಳೆಯ ಲಗ್ನಪತ್ರಿಕೆಯ ದಪ್ಪ ಕಾಗದ ಒಂದು ಪದರ.
ಇನ್ನೊಂದು, ಸ್ಕ್ರೀನ್‌ಶಾಟ್‌ನ ಮೂಲೆ ನೋಡಿ. ಟ್ರಾನ್ಸ್‌ಡ್ಯೂಸರ್ 62 ಡಿಗ್ರಿಗೆ ಕಾದು ಚೌಕಟ್ಟಿನ ಒಳಗೇ ಕೂತಿದೆ. ಆ್ಯಪ್ ತಾನಾಗಿಯೇ 28ರಿಂದ 62ರವರೆಗೆ ಬಣ್ಣ ಹಂಚಿದೆ. 34 ಡಿಗ್ರಿಯನ್ನು 256 ಛಾಯೆಗೆ ಹಂಚಿದರೆ ಒಂದು ಛಾಯೆಗೆ 0.13 ಡಿಗ್ರಿ. ನಿಮ್ಮ ಬಿರುಕು 0.3 ಡಿಗ್ರಿ ಬಿಸಿಯಾದರೆ ಎರಡೇ ಛಾಯೆ ವ್ಯತ್ಯಾಸ, ಯಾರ ಕಣ್ಣಿಗೆ ಕಾಣಬೇಕು? ಟ್ರಾನ್ಸ್‌ಡ್ಯೂಸರ್‌ಗೆ ರಟ್ಟು ಅಡ್ಡ ಇಡಿ, ಬಣ್ಣದ ರೇಂಜ್ ಅನ್ನು 2 ಡಿಗ್ರಿಗೆ ಲಾಕ್ ಮಾಡಿ. ತಾಪಮಾನದ ಅಂಕಿ ಉಳಿಯುವ ಫೈಲ್ ಆಗಿ ರೆಕಾರ್ಡ್ ಮಾಡಿ, ಕಂಪನ ಕೊಡುವ ಮೊದಲಿನ ಫ್ರೇಮ್ ಅನ್ನು ಉಳಿದವುಗಳಿಂದ ಕಳೆಯಿರಿ. ನಿಮ್ಮ ಮುಖದ ಬಿಸಿಯ, ಬಲ್ಬಿನ ಪ್ರತಿಫಲನ ಎಲ್ಲ ಅದರಲ್ಲೇ ಹೋಗುತ್ತದೆ. ಟ್ರಾನ್ಸ್‌ಡ್ಯೂಸರ್ ನಡೆಸುವ ಡ್ರೈವರ್ ಬೋರ್ಡ್ ಹತ್ತಿರ ಕೈ ತರಬೇಡಿ, ಅಲ್ಲಿ ವೋಲ್ಟೇಜ್ ಜಾಸ್ತಿ ಇರುತ್ತದೆ.

ಎಪಾಕ್ಸಿ_ಕೈ:
ಬಣ್ಣ ಎರಡು ಕೋಟ್ ಹೊಡೆದೇ ಮಾಡಿ.

ಗದ್ದೆ_ಡ್ರೋನ್:
ಮೇಡಂ, ಎರಡನೇ ಆರ್ಮ್‌ನಲ್ಲಿ ಸಿಕ್ಕಿತು!! ಕೀಲಿನಿಂದ ಸುಮಾರು 4 ಸೆಂಟಿಮೀಟರ್ ದೂರದಲ್ಲಿ ಓರೆಯಾದ ಗೆರೆ. ಸ್ವಿಚ್ ಹಾಕಿ ಒಂದು ಸೆಕೆಂಡಿನೊಳಗೆ ಬಂತು, ಆರಿಸಿದ ಮೇಲೆ ಹರಡಿ ಮಾಯವಾಯಿತು. 0.6 ಡಿಗ್ರಿ. ಕೈ ನಡುಗಿತು. ಇದನ್ನೇ ಹಾಕಿಕೊಂಡು ಹಾರಿಸಲು ಹೊರಟಿದ್ದೆ.

ಕಂಪನ_ಪ್ರಿಯ:
ಅದು ಕೀಲಿನ ಹತ್ತಿರ ಆರ್ಮ್ ಸುತ್ತ ಇರುವ ಅಲ್ಯೂಮಿನಿಯಂ ಸ್ಲೀವ್ ಉಜ್ಜುವ ಬಿಸಿ ಯಾಕಾಗಬಾರದು? ಸಡಿಲ ಬೋಲ್ಟ್ ಕೂಡ ಹೀಗೇ ಹೊಳೆಯುತ್ತದೆ.

ಲ್ಯಾಬ್_ಮೂಲೆ:
ಒಳ್ಳೆಯ ಪ್ರಶ್ನೆ. ಆದರೆ ಸ್ಲೀವ್ ಉಜ್ಜಿದರೆ ಬಿಸಿ ಅದರ ಅಂಚಿನಲ್ಲಿ ಸುತ್ತಲೂ ಬರುತ್ತದೆ, 4 ಸೆಂಟಿಮೀಟರ್ ಆಚೆ ಓರೆ ಗೆರೆಯಾಗಿ ಅಲ್ಲ. ಟ್ರಾನ್ಸ್‌ಡ್ಯೂಸರ್ ಅನ್ನು 2 ಸೆಂಟಿಮೀಟರ್ ಸರಿಸಿ ಮತ್ತೆ ನೋಡಿ. ಬಿರುಕಾದರೆ ಗೆರೆ ಅಲ್ಲೇ ಬರುತ್ತದೆ, ಹೊಳಪು ಹೆಚ್ಚು ಕಡಿಮೆ ಆಗಬಹುದು. ಉಳಿದ ಆರ್ಮ್‌ಗಳಿಗೂ ಹೀಗೇ ಮಾಡಿ. ಒಂದೇ ಫ್ರೀಕ್ವೆನ್ಸಿ ಕೊಟ್ಟಾಗ ಕೆಲವು ಜಾಗ ಅಲುಗುವುದೇ ಇಲ್ಲ. ಬಿರುಕು ಅಲ್ಲೇ ಇದ್ದರೆ ತಣ್ಣಗೇ ಇರುತ್ತದೆ.

ಗದ್ದೆ_ಡ್ರೋನ್:
ಸರಿಸಿದೆ. ಎರಡನೆಯದರ ಗೆರೆ ಅಲ್ಲೇ ಇದೆ. ಮೊದಲು ಏನೂ ತೋರಿಸದಿದ್ದ ಮೂರನೆಯದರಲ್ಲೂ ಈಗ ಒಂದು ಚುಕ್ಕೆ ಬಂತು. ಒಂದು, ನಾಲ್ಕು, ಐದು ಪೂರ್ತಿ ತಣ್ಣಗಿವೆ. ಆ ಮೂರನ್ನು ಉಳಿಸಿಕೊಳ್ಳಬಹುದಾ?

ಲ್ಯಾಬ್_ಮೂಲೆ:
ನಾನಾದರೆ ಉಳಿಸಿಕೊಳ್ಳುವುದಿಲ್ಲ. ಕ್ಲ್ಯಾಂಪ್ ಬಿಗಿತದಿಂದ ಮುಚ್ಚಿಕೊಂಡ ಬಿರುಕು ಉಜ್ಜುವುದಿಲ್ಲ, ಪೂರ್ತಿ ಬಾಯಿ ಬಿಟ್ಟದ್ದೂ ಉಜ್ಜುವುದಿಲ್ಲ. ಗದ್ದೆಯಲ್ಲಿ ಆಳುಗಳು ಇರುತ್ತಾರೆ. ಎರಡನೆಯದನ್ನು ಕತ್ತರಿಸಿ ನೋಡಿ, ಮಾಸ್ಕ್ ಹಾಕಿಕೊಂಡು. ಕಾರ್ಬನ್ ಪುಡಿ ಒಳಗೆ ಹೋಗಬಾರದು.

ಟೆಕ್ಕಿ_ಗ್ಲೈಡರ್:
ಆ ಕ್ಯಾಮೆರಾ ಯಾವ ಮಾಡೆಲ್? ನನಗೂ ಒಂದು ಬೇಕು, ಗ್ಲೈಡರ್ ಶೆಡ್‌ಗೆ ಒಯ್ಯಲು.

ಎಪಾಕ್ಸಿ_ಕೈ:
ಬಣ್ಣ ತೆಗೆದು ಮತ್ತೊಮ್ಮೆ ಮಾಡಿ ತೋರಿಸಿ, ಆಗ ಒಪ್ಪುತ್ತೇನೆ.

ಗದ್ದೆ_ಡ್ರೋನ್:
ಕತ್ತರಿಸಿದೆ. ಗೆರೆ ಬಂದ ಜಾಗದಲ್ಲಿ ಒಳಗಿನ ಪದರಗಳ ನಡುವೆ ಬ್ಲೇಡ್ ತುದಿ ಸಲೀಸಾಗಿ ಹೋಗುತ್ತದೆ. ಹೊರಗಿನ ಪದರ ಮಾತ್ರ ಹೊಸದರ ಹಾಗೆ ಇದೆ. ಆರೂ ಹೊಸದು ಹೇಳಿದ್ದೇನೆ, ಈ ವಾರದ ಕೆಲಸ ಪಕ್ಕದೂರಿನವರ ಡ್ರೋನ್‌ಗೆ ಬಿಟ್ಟುಕೊಟ್ಟೆ. ಹೊಸವು ಬಂದ ದಿನವೇ ಒಂದೊಂದನ್ನೂ ರೆಕಾರ್ಡ್ ಮಾಡಿ ಇಟ್ಟುಕೊಳ್ಳುತ್ತೇನೆ ಮೇಡಂ. ಟ್ರಾನ್ಸ್‌ಡ್ಯೂಸರ್ ಯಾವ ಜಾಗದಲ್ಲಿ ಕೂರಿಸಿದರೆ ಮುಂದೆ ಹೋಲಿಸಲು ಸುಲಭ?