ಕಳುಹಿಸುವಾಗ ಚೆನ್ನಾಗಿದ್ದ ಮಾವು ತಲುಪುವಾಗ ಕಪ್ಪಾಗುವುದೇಕೆ?

ಪ್ರಶ್ನೆ: ನಮಸ್ಕಾರ ಸರ್. ಬಲಿತ ಮಾವಿನಕಾಯಿಗಳನ್ನು ಕಾಗದದಲ್ಲಿ ಸುತ್ತಿ, ರಟ್ಟಿನ ಪೆಟ್ಟಿಗೆಯಲ್ಲಿ ತುಂಬಿ ಲಾರಿಯಲ್ಲಿ ದೂರಕ್ಕೆ ಕಳುಹಿಸುತ್ತೇನೆ. ಕಳುಹಿಸುವಾಗ ಒಂದು ಕಲೆಯೂ ಇರುವುದಿಲ್ಲ. ನಾಲ್ಕನೆಯ ದಿನ ತೆರೆದಾಗ ಹಲವು ಹಣ್ಣುಗಳು ಕಪ್ಪಾಗಿರುತ್ತವೆ. ಕಾಗದವನ್ನು ಇನ್ನಷ್ಟು ದಪ್ಪಗೆ ಸುತ್ತಿದರೆ ಸಾಕೇ?

ಉತ್ತರ: ನಮಸ್ಕಾರ. ಕಾಗದ ಹೆಚ್ಚಿಸುವ ಮೊದಲು, ಕೆಟ್ಟ ಹಣ್ಣುಗಳ ಫೋಟೊ ತೆಗೆದು ಕಳುಹಿಸುವಂತೆ ಅಲ್ಲಿನವರನ್ನು ಕೇಳಿಕೊಳ್ಳಿ. ಪೆಟ್ಟು ಹೇಗೆ ಬಿತ್ತೆಂಬುದನ್ನು ಗಾಯವೇ ಹೇಳುತ್ತದೆ. ಒಂದೇ ಕಡೆ ತಿರುಳು ಮೆತ್ತಗಾಗಿ ಕಂದಿದ್ದರೆ ಕಾಯಿ ಬಿದ್ದಿದೆ, ಇಲ್ಲವೇ ಪೆಟ್ಟಿಗೆಯನ್ನು ಎತ್ತಿ ಹಾಕಿದ್ದಾರೆ. ಮಗ್ಗುಲು ಚಪ್ಪಟೆಯಾಗಿದ್ದರೆ ಮೇಲಿನ ಭಾರಕ್ಕೆ ಅದುಮಿಹೋಗಿದೆ. ಸಿಪ್ಪೆಯಷ್ಟೇ ತರಚಿ ಕಂದುಗಟ್ಟಿದ್ದರೆ ದಾರಿಯುದ್ದಕ್ಕೂ ಕುಲುಕಿ ಪಕ್ಕದ ಕಾಯಿಗೋ ರಟ್ಟಿಗೋ ಉಜ್ಜಿದೆ. ತೊಟ್ಟಿನಿಂದ ಕೆಳಗಿಳಿದ ಕಪ್ಪು ಗೆರೆ ಸೊನೆ ಸುಟ್ಟ ಗುರುತು. ಅದಕ್ಕೆ ಲಾರಿ ಹೊಣೆಯಲ್ಲ. ಕಾಯಿಯನ್ನು ತೊಟ್ಟು ಸಮೇತ ಕೊಯ್ದು, ಅನಂತರ ತೊಟ್ಟು ಕತ್ತರಿಸಿ, ತಲೆಕೆಳಗಾಗಿಟ್ಟು ಸೊನೆ ಬಸಿಯಲು ಬಿಡಬೇಕು. ಗಟ್ಟಿ ಕಾಯಿಯಲ್ಲಿ ಪೆಟ್ಟು ಕೂಡಲೇ ಕಾಣುವುದಿಲ್ಲ, ಹಣ್ಣಾಗುತ್ತ ಬಂದಂತೆ ಬಯಲಾಗುತ್ತದೆ. ಆದ್ದರಿಂದ ನಿಮ್ಮಲ್ಲಿ ಕಲೆ ಇರಲಿಲ್ಲವೆಂದ ಮಾತ್ರಕ್ಕೆ ಪೆಟ್ಟು ದಾರಿಯಲ್ಲೇ ಬಿತ್ತೆಂದು ಹೇಳಲಾಗದು.

ನನ್ನ ಅನುಭವದಲ್ಲಿ ಹೆಚ್ಚಿನವರು ಎಡವುವುದು ತುಂಬುವಾಗ. ಭಾರ ಹೊರಬೇಕಾದದ್ದು ಪೆಟ್ಟಿಗೆ, ಹಣ್ಣಲ್ಲ. ಅಂಚು ಮೀರಿ ತುಂಬಿ ಮುಚ್ಚಳ ಒತ್ತಿದರೆ ಮೇಲೆ ಪೇರಿಸಿದ ಪೆಟ್ಟಿಗೆಗಳ ಭಾರವೆಲ್ಲ ಕಾಯಿಗಳ ಮೇಲೆ ಬೀಳುತ್ತದೆ. ಸಡಿಲವಾಗಿ ತುಂಬಿದರೆ ಅವು ಒಳಗೇ ಉರುಳಾಡುತ್ತವೆ. ಮುಚ್ಚಳ ಒತ್ತದೆ ಕೂರಬೇಕು, ಪೆಟ್ಟಿಗೆಯನ್ನು ಮೆಲ್ಲಗೆ ಓಲಾಡಿಸಿದರೆ ಒಳಗೆ ಏನೂ ಅಲುಗಬಾರದು. ರಟ್ಟಿನ ಪೆಟ್ಟಿಗೆಯ ಬಲದಲ್ಲಿ ಹೆಚ್ಚಿನ ಪಾಲು ಅದರ ಮೂಲೆಗಳಲ್ಲಿರುವುದರಿಂದ, ಪೇರಿಸುವಾಗ ಮೂಲೆಯ ಮೇಲೆ ಮೂಲೆ ನೇರವಾಗಿ ಬರಬೇಕು. ತೇವ ಹೀರಿದ ರಟ್ಟು ಬಲಗುಂದುವುದರಿಂದ ಪೆಟ್ಟಿಗೆಗಳನ್ನು ಒದ್ದೆ ನೆಲದ ಮೇಲೆ ಇಡಲೇಬೇಡಿ.

ಪ್ರಶ್ನೆ: ಶೀತಲ ವಾಹನದಲ್ಲಿ ಕಳುಹಿಸಿದರೆ ಆದಷ್ಟು ತಣ್ಣಗೆ ಇಡಬಹುದೇ?

ಉತ್ತರ: ಬೇಡ. ಬಲಿತ ಹಸಿರು ಮಾವಿಗೆ ಸುಮಾರು 13 ಡಿಗ್ರಿ ಸೆಲ್ಸಿಯಸ್ ಸಾಕು. ಅದಕ್ಕಿಂತ ತೀರಾ ತಣ್ಣಗೆ ಹಲವು ದಿನ ಇಟ್ಟರೆ ಸಿಪ್ಪೆ ಕಪ್ಪಾಗಿ, ಕಾಯಿ ಸರಿಯಾಗಿ ಹಣ್ಣಾಗುವುದೇ ಇಲ್ಲ. ಬಿಸಿಲಲ್ಲಿ ಕೊಯ್ದ ಕಾಯಿಯನ್ನು ನೇರವಾಗಿ ವಾಹನಕ್ಕೂ ಏರಿಸಬೇಡಿ. ಅದರ ಶೈತ್ಯಯಂತ್ರ ತಂಪನ್ನು ಕಾಯ್ದುಕೊಳ್ಳಲು ಇರುವುದೇ ಹೊರತು, ತುಂಬಿಟ್ಟ ಹೊರೆಯ ನಡುವಿನ ಬಿಸಿಯನ್ನು ಬೇಗ ಇಳಿಸಲು ಅದಕ್ಕಾಗದು. ಬೆಳಗಿನ ಹೊತ್ತು ಕೊಯ್ದು, ಶೀತಲ ಕೋಣೆಯಲ್ಲಿ ಮೊದಲೇ ತಣಿಸಿ, ಪೆಟ್ಟಿಗೆಯ ಗಾಳಿಕಿಂಡಿಗಳು ಒಂದಕ್ಕೊಂದು ಎದುರಾಗುವಂತೆ ಪೇರಿಸಿ.