ಕ್ವಾಡ್ ಇಎಸ್‌ಎಲ್ ಸ್ಪೀಕರ್‌ಗೆ ಬೇಸ್ ಕಟ್ ಮಾಡೋದು ಎಲ್ಲಿ, ಆಂಪ್‌ಗಿಂತ ಮುಂಚೆನಾ ಆಮೇಲಾ?

ವೀಣೆಮನೆ:
ನಮಸ್ಕಾರ ಎಲ್ರಿಗೂ. ಇಂಗ್ಲೆಂಡಲ್ಲಿದೀನಿ, ಹೋದ ತಿಂಗಳು ಇಲ್ಲೇ ಒಬ್ಬ ಹಿರಿಯರ ಹತ್ರ ಹಳೇ ಕ್ವಾಡ್ ಎಲೆಕ್ಟ್ರೋಸ್ಟ್ಯಾಟಿಕ್ ಸ್ಪೀಕರ್ (ಇಎಸ್‌ಎಲ್, ಕೋನ್ ಬದಲು ಹೈ ವೋಲ್ಟೇಜಲ್ಲಿ ತೆಳು ಫಿಲ್ಮ್ ಅಲ್ಲಾಡಿ ಸದ್ದು ಬರೋದು) ಜೋಡಿ ತಗೊಂಡೆ, 1957ರಲ್ಲಿ ಬಂದ ಮಾಡೆಲ್. ವೀಣೆ ಹಾಕಿದ್ರೆ ಮೀಟು, ಗಮಕದ ಎಳೆತ ಎಲ್ಲಾ ಎದುರಿಗೇ ಕೂತು ಕೇಳ್ದಂಗೆ. ಆದ್ರೆ ಎಲ್‌ಪಿ ಹಾಕಿ ತನಿ ಆವರ್ತನ (ಮೃದಂಗದವ್ರ ಸೋಲೋ) ಬಂದಾಗ ಸ್ವಲ್ಪ ಜೋರು ಮಾಡಿದ್ರೆ ಸಾಕು, ತೊಪ್ಪಿ (ಮೃದಂಗದ ಎಡಗಡೆ ಬೇಸ್ ಪೆಟ್ಟು) ಬಿದ್ದ ಕಡೆಯೆಲ್ಲ ಸದ್ದು ಒಡೆಯುತ್ತೆ, ಒಂದ್ಸಲ ಚಟ್ ಅಂತನೂ ಅಂತು, ಭಯ ಆಗಿ ಆಫ್ ಮಾಡ್ಬಿಟ್ಟೆ. ಆಂಪ್ 8 ಓಮ್‌ಗೆ 100 ವ್ಯಾಟ್, ಇನ್‌ಪುಟ್ 47 ಕಿಲೋಓಮ್. ಸಬ್‌ವೂಫರ್ ಇದೆ. ಸ್ಪೀಕರ್ ವೈರಲ್ಲೇ ದೊಡ್ಡ ಕೆಪಾಸಿಟರ್ ಹಾಕು ಅಂತ ಸ್ನೇಹಿತ ಹೇಳ್ತಿದಾನೆ, ಸರೀನಾ?

ಹಳೇಸೋಲ್ಡರ್:
ಸ್ಪೀಕರ್ ವೈರಲ್ಲಿ ಬೇಡ ಸರ್, ದಯವಿಟ್ಟು ಬೇಡ. ಒಳಗೆ ಸ್ಟೆಪ್ ಅಪ್ ಟ್ರಾನ್ಸ್‌ಫಾರ್ಮರ್ ಇರುತ್ತೆ, ಅದರ ಇಂಡಕ್ಟನ್ಸು ನಿಮ್ಮ ಕೆಪಾಸಿಟರು ಸೇರ್ಕೊಂಡು ಯಾವ್ದೋ ಫ್ರೀಕ್ವೆನ್ಸೀಲಿ ರೆಸೊನೆನ್ಸ್ ಆದ್ರೆ, ಕಟ್ ಮಾಡ್ಬೇಕು ಅಂತಿರೋ ಬೇಸೇ ಜಾಸ್ತಿ ಆಗ್ಬಹುದು. ಫಿಲ್ಟರ್ ಪವರ್ ಆಂಪ್ ಇನ್‌ಪುಟ್‌ಗೆ ಮುಂಚೆ ಇರ್ಲಿ. 47 ಕಿಲೋಓಮ್‌ಗೆ 0.047 ಮೈಕ್ರೋಫ್ಯಾರಡ್ ಪಾಲಿಪ್ರೊಪಿಲೀನ್ ಸೀರೀಸಲ್ಲಿ ಹಾಕಿದ್ರೆ ಸುಮಾರು 72 ಹರ್ಟ್ಸಿಂದ ಕೆಳಗೆ ಇಳಿಯುತ್ತೆ, ಎರಡು ಚಾನೆಲ್‌ಗೆ ಎರಡೇ ಎರಡು ಕೆಪಾಸಿಟರ್. ಸಬ್‌ವೂಫರ್‌ಗೆ ಮಾತ್ರ ಪ್ರೀಆಂಪಿಂದ, ಈ ಕೆಪಾಸಿಟರ್‌ಗಿಂತ ಮುಂಚೇನೇ ಲೈನ್ ತಗೊಳ್ಳಿ.

ಇನ್ನೊಂದು, ಎಲ್‌ಪಿ ಸ್ವಲ್ಪ ಸೊಟ್ಟಗಿದ್ರೂ ಟರ್ನ್‌ಟೇಬಲ್ ಆರ್ಮ್ ರೆಸೊನೆನ್ಸ್ 10 ಹರ್ಟ್ಸ್ ಆಸುಪಾಸಲ್ಲಿ ಕುಣಿಯುತ್ತೆ. ಅದು ಕಿವಿಗೆ ಬೀಳಲ್ಲ, ಆದ್ರೆ ಸ್ಪೀಕರ್ ಫಿಲ್ಮು ಹಿಂದೆ ಮುಂದೆ ಒದ್ದಾಡುತ್ತೆ. ಅದೇ ವೋಲ್ಟೇಜಿಗೆ ಫ್ರೀಕ್ವೆನ್ಸಿ ಅರ್ಧ ಆದ್ರೆ ಟ್ರಾನ್ಸ್‌ಫಾರ್ಮರ್ ಕೋರಲ್ಲಿ ಫ್ಲಕ್ಸ್ ಎರಡರಷ್ಟು, ಅದು ಸ್ಯಾಚುರೇಟ್ ಆದ್ರೆ ಆಂಪ್‌ಗೆ ಶಾರ್ಟ್ ಇದ್ದಂಗೆ ಕಾಣುತ್ತೆ. ಈ ಫಿಲ್ಟರ್ 10 ಹರ್ಟ್ಸನ್ನ 17 ಡಿಬಿ ಇಳಿಸುತ್ತೆ, ನನ್ನ ಪ್ರಕಾರ ನಿಮಗೆ ದೊಡ್ಡ ಲಾಭ ಅದೇ.

ಜಯನಗರ_ಟರ್ನ್‌ಟೇಬಲ್:
ಮೇಲಿನವ್ರು ಹೇಳಿದ್ದು ಸರಿ, ಆದ್ರೆ ಆ ಚಟ್ ಅನ್ನೋದನ್ನ ಹಗುರಾಗಿ ತಗೋಬೇಡಿ. ಆ ಮಾಡೆಲ್‌ಗೆ 33 ವೋಲ್ಟ್ ಪೀಕ್ ಮೇಲೆ ಹೋಗ್ಬಾರ್ದು, ನಿಮ್ಮ 100 ವ್ಯಾಟ್ ಆಂಪ್ 40 ವೋಲ್ಟ್ ಕೊಡುತ್ತೆ. ಟ್ರೆಬಲ್ ಪ್ಯಾನೆಲಲ್ಲಿ ಒಮ್ಮೆ ಕಿಡಿ ಹಾರಿದ್ರೆ ಫಿಲ್ಮಲ್ಲಿ ತೂತು. ಬೇಸ್ ಕಟ್ ಮಾಡಿದ್ರೆ ಪೀಕ್ ಕಮ್ಮಿ ಆಗುತ್ತೆ ನಿಜ, ಆದ್ರೆ ಅದು ವೋಲ್ಟೇಜ್ ಲಿಮಿಟರ್ ಅಲ್ಲ. ಚಿಕ್ಕ ಆಂಪ್ ನೋಡಿ, ಕ್ವಾಡ್ ಕಂಪನಿ ಕಟ್ಟಿದ ಪೀಟರ್ ವಾಕರ್ ಈ ಸ್ಪೀಕರ್ ತಂದಾಗ ಜೊತೆಗಿದ್ದ ಕ್ವಾಡ್ 2 ಆಂಪ್ ಬರೀ 15 ವ್ಯಾಟು. ಹಿಂದಿನ ಗ್ರಿಲ್ ಮಾತ್ರ ನೀವೇ ಬಿಚ್ಚಕ್ಕೆ ಹೋಗ್ಬೇಡಿ ಸರ್, ಬೇಸ್ ಪ್ಯಾನೆಲ್‌ಗೆ 6000 ವೋಲ್ಟ್ ಇರುತ್ತೆ, ಪ್ಲಗ್ ಕಿತ್ತ್ಮೇಲೂ ಚಾರ್ಜ್ ಉಳ್ದಿರುತ್ತೆ.

ವೀಣೆಮನೆ:
ತುಂಬಾ ಥ್ಯಾಂಕ್ಸ್ ಇಬ್ರಿಗೂ. ಒಂದೇ ಸಂಕಟ, ವೀಣೆ ಶ್ರುತಿ ಇ ಇದ್ರೆ ಅನುಮಂದ್ರ ಪಂಚಮ (ಎಲ್ಲಕ್ಕಿಂತ ಕೆಳಗಿನ ಸ್ವರದ ತಂತಿ) ಸುಮಾರು 62 ಹರ್ಟ್ಸ್ ಬರುತ್ತಲ್ಲ, ಆ ತಂತಿ ಸಪ್ಪೆ ಆಗಿಬಿಟ್ರೆ ಈ ಸ್ಪೀಕರ್ ತಗೊಂಡಿದ್ದೇ ವೇಸ್ಟು ನಂಗೆ.

ಹಳೇಸೋಲ್ಡರ್:
ಒಳ್ಳೇ ಪ್ರಶ್ನೆ. 62 ಹರ್ಟ್ಸಲ್ಲಿ 4 ಡಿಬಿ ಒಳಗೇ ಇಳಿಯೋದು, 124, 186ರ ಹಾರ್ಮೋನಿಕ್ಸ್ ಹೆಚ್ಚುಕಮ್ಮಿ ಹಾಗೇ ಇರುತ್ತೆ, ತಂತಿ ಯಾವ್ದು ಅಂತ ಕಿವಿಗೆ ಗೊತ್ತಾಗೋದೇ ಅದರಿಂದ. ಮೇಲಾಗಿ ಇದು ತೆರೆದ ಪ್ಯಾನೆಲ್, ಮುಂದಿನ ಅಲೆ ಹಿಂದಿನ ಅಲೆ ಒಂದನ್ನೊಂದು ತಿಂದ್ಕೊಂಡು ಆಳದ ಬೇಸ್ ಮೊದ್ಲೇ ಕಮ್ಮಿ. ಕಳೆದಿದ್ದನ್ನ ಸಬ್ ತುಂಬುತ್ತೆ, ಲೆವೆಲ್ ಮಾತ್ರ ಹಿಡಿತದಲ್ಲಿಡಿ. ಆದ್ರೂ ಮನಸ್ಸು ಒಪ್ಪದಿದ್ರೆ 0.068 ಹಾಕಿ, 50 ಹರ್ಟ್ಸ್ ಆಗುತ್ತೆ.

ವೀಣೆಮನೆ:
0.047 ಹಾಕ್ದೆ, ಬೇರೆ ಚಿಕ್ಕ ಆಂಪ್ ಸಿಗೋವರೆಗೂ ವಾಲ್ಯೂಮ್ ಕೆಳಗೇ ಇಟ್ಟಿದೀನಿ. ಅದೇ ಎಲ್‌ಪಿ, ಅದೇ ತನಿ, ಒಂದ್ಸಲನೂ ಒಡೀಲಿಲ್ಲ. ಪಂಚಮದ ತಂತಿ ಕೇಳ್ತಿದೆ.